ಆರೋಪವಿಲ್ಲದ ಒಂದು ವರ್ಷ: ಮಲಾಡ್ ದಾಳಿಯ ಪ್ರಕರಣ ಮತ್ತು ವೇಶ್ಯಾವಾಟಿಕೆ ಕಾನೂನಿನ ಶಿಕ್ಷೆಗಳು

2019ರ ಸೆಪ್ಟೆಂಬರ್ 13ರಂದು ಮುಂಬೈನ ಮಲಾಡ್ ಪ್ರದೇಶದ ಒಂದು ಅತಿಥಿಗೃಹದ ಮೇಲೆ ಪೊಲೀಸರು ದಾಳಿ ನಡೆಸಿ ಮೂವರು ಯುವತಿಯರನ್ನು ವಶಕ್ಕೆ ತೆಗೆದುಕೊಂಡರು. ಅವರ ವಯಸ್ಸು 20, 22 ಮತ್ತು 23. ದಲ್ಲಾಳಿಯೊಬ್ಬ ಹೆಣ್ಣುಮಕ್ಕಳನ್ನು ಗಿರಾಕಿಗಳಿಗೆ ಒದಗಿಸುತ್ತಿದ್ದಾನೆ ಎಂಬ ಮಾಹಿತಿ ಪೊಲೀಸರಿಗೆ ಬಂದಿತ್ತು. ಅದನ್ನು ಖಚಿತಪಡಿಸಿಕೊಳ್ಳಲು ಅವರು ತಮ್ಮ ಕಡೆಯವನೊಬ್ಬನನ್ನು ಗಿರಾಕಿಯಂತೆ ಕಳುಹಿಸಿದ್ದರು. ಇಂಥ ದಾಳಿಗಳು ನಡೆಯುವ ರೀತಿ ಊರಿಂದ ಊರಿಗೆ ಹೆಚ್ಚು ಬದಲಾಗುವುದಿಲ್ಲ. ನಕಲಿ ಗಿರಾಕಿಯ ಕೈಗೆ ಕೊಡುವ ನೋಟುಗಳ ಸಂಖ್ಯೆಯನ್ನು ಪಂಚರ ಎದುರು ಮೊದಲೇ ಬರೆದುಕೊಳ್ಳುತ್ತಾರೆ. ಹಣ ಕೈ ಬದಲಾದ ಮೇಲೆ ಅವನು ಸನ್ನೆ ಮಾಡುತ್ತಾನೆ. ಹೊರಗೆ ಕಾದು ನಿಂತವರು ಒಳಗೆ ನುಗ್ಗುತ್ತಾರೆ. ಅದೇ ನೋಟುಗಳು ಯಾರ ಜೇಬಿನಲ್ಲಿ, ಯಾವ ಡ್ರಾಯರಿನಲ್ಲಿ ಸಿಕ್ಕವು ಎಂಬುದನ್ನು ಮಹಜರಿನಲ್ಲಿ ದಾಖಲಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ‘ವೇಶ್ಯಾವಾಟಿಕೆ ಅಡ್ಡೆ ಮೇಲೆ ದಾಳಿ, ಮೂವರು ಯುವತಿಯರ ರಕ್ಷಣೆ’ ಎಂಬ ಸುದ್ದಿ ಬರುತ್ತದೆ, ಜೊತೆಗೆ ದುಪಟ್ಟಾದಿಂದ ಮುಖ ಮುಚ್ಚಿಕೊಂಡವರ ಒಂದು ಚಿತ್ರ.

ಆ ಸುದ್ದಿಯಲ್ಲಿ ಬರುವ ‘ರಕ್ಷಣೆ’ ಎಂಬ ಪದದ ಸುತ್ತಲೇ ಈ ಪ್ರಕರಣವಿದೆ. ಮೂವರ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಕಡತದಲ್ಲಿ ಅವರು ಸಂತ್ರಸ್ತರೆಂದೇ ದಾಖಲಾದರು. ಹಾಗಿದ್ದೂ ಅವರು ಮನೆಗೆ ಹೋಗಲು ಬಾಂಬೆ ಹೈಕೋರ್ಟಿನ ಆದೇಶಕ್ಕಾಗಿ 2020ರ ಸೆಪ್ಟೆಂಬರ್ ಕೊನೆಯ ವಾರದವರೆಗೆ, ಅಂದರೆ ಒಂದು ವರ್ಷಕ್ಕೂ ಹೆಚ್ಚು ಕಾಲ, ಕಾಯಬೇಕಾಯಿತು. ವೇಶ್ಯಾವಾಟಿಕೆಗೆ ಭಾರತದಲ್ಲಿ ಏನು ಶಿಕ್ಷೆ ಎಂದು ಕೇಳುವವರಿಗೆ ಕಲಂಗಳನ್ನೂ ವರ್ಷಗಳನ್ನೂ ಒಂದಾದ ಮೇಲೊಂದು ಓದಿ ಹೇಳಿದರೆ ಅರ್ಧ ಉತ್ತರ ಮಾತ್ರ ಸಿಕ್ಕಂತಾಗುತ್ತದೆ. ಉಳಿದರ್ಧ ಈ ಮೂವರು ಕಳೆದ ಕಾಲದಲ್ಲಿದೆ.

ಕಾಯ್ದೆ ಯಾರನ್ನು ಅಪರಾಧಿ ಎನ್ನುತ್ತದೆ

1950ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಸಹಿ ಹಾಕಿದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅನುಗುಣವಾಗಿ ನಮ್ಮ ಸಂಸತ್ತು 1956ರಲ್ಲಿ ಒಂದು ಕಾಯ್ದೆಯನ್ನು ಮಾಡಿತು. ಸ್ತ್ರೀಯರ ಮತ್ತು ಹುಡುಗಿಯರ ಅನೈತಿಕ ಸಾಗಣೆಯನ್ನು ಹತ್ತಿಕ್ಕುವ ಕಾಯ್ದೆ ಎಂಬುದು ಆಗ ಅದರ ಹೆಸರಾಗಿತ್ತು. 1986ರ ತಿದ್ದುಪಡಿಯ ನಂತರ ಅದು ಅನೈತಿಕ ಸಾಗಣೆ (ತಡೆ) ಕಾಯ್ದೆಯಾಯಿತು. ಠಾಣೆಯ ಮಾತಿನಲ್ಲಿ ಇದು ‘ಪೀಟಾ’, ಕೋರ್ಟಿನ ಕಾಗದದಲ್ಲಿ ‘ಐಟಿಪಿ ಆ್ಯಕ್ಟ್’. ಆ ತಿದ್ದುಪಡಿಯು ಹೆಸರಿಗಿಂತಲೂ ಮುಖ್ಯವಾದ ಇನ್ನೊಂದು ಬದಲಾವಣೆಯನ್ನು ತಂದಿತು. ಅದಕ್ಕೂ ಮೊದಲು ವೇಶ್ಯಾವೃತ್ತಿ ಎಂದರೆ ಹಣಕ್ಕಾಗಿ ಹೆಣ್ಣು ತನ್ನ ದೇಹವನ್ನು ಒಪ್ಪಿಸುವ ಕ್ರಿಯೆ ಎಂಬ ವ್ಯಾಖ್ಯೆಯಿತ್ತು. ತಿದ್ದುಪಡಿಯ ನಂತರ ಅದು ‘ವಾಣಿಜ್ಯ ಉದ್ದೇಶಕ್ಕಾಗಿ ವ್ಯಕ್ತಿಗಳ ಲೈಂಗಿಕ ಶೋಷಣೆ ಅಥವಾ ದುರುಪಯೋಗ’ ಎಂದಾಯಿತು. ಅಲ್ಲಿಯವರೆಗೆ ಹೆಣ್ಣು ಏನು ಮಾಡುತ್ತಾಳೆ ಎಂಬುದರ ಮೇಲಿದ್ದ ಕಾಯ್ದೆಯ ಕಣ್ಣು, ಅವಳ ಮೇಲೆ ಯಾರು ಏನು ಮಾಡುತ್ತಾರೆ ಎಂಬುದರ ಕಡೆಗೆ, ಕನಿಷ್ಠ ವ್ಯಾಖ್ಯೆಯ ಮಟ್ಟಿಗಾದರೂ, ತಿರುಗಿತು.

ಈಗ ಮಲಾಡ್‌ನಂಥ ಒಂದು ಅತಿಥಿಗೃಹದ ಕೋಣೆಯನ್ನು ಕಣ್ಣ ಮುಂದೆ ಇಟ್ಟುಕೊಂಡು, ಅಲ್ಲಿ ಇರಬಹುದಾದ ಒಬ್ಬೊಬ್ಬರಿಗೂ ಈ ಕಾಯ್ದೆಯಲ್ಲಿ ಏನಿದೆ ಎಂದು ನೋಡಬಹುದು. ಜಾಗವನ್ನು ನಡೆಸುವವನು ಮೂರನೇ ಕಲಮಿನ ವ್ಯಾಪ್ತಿಗೆ ಬರುತ್ತಾನೆ. ವೇಶ್ಯಾಗೃಹ ನಡೆಸಿದ್ದು ಸಾಬೀತಾದರೆ ಮೊದಲ ಸಲ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಕಠಿಣ ಸೆರೆವಾಸ ಮತ್ತು 2,000 ರೂಪಾಯಿವರೆಗಿನ ದಂಡ; ಎರಡನೇ ಸಲಕ್ಕೆ ಎರಡರಿಂದ ಐದು ವರ್ಷ. ಗೊತ್ತಿದ್ದೂ ಬಾಡಿಗೆಗೆ ಕೊಟ್ಟ ಮಾಲೀಕನಿಗೆ ಮೊದಲ ಸಲ ಎರಡು ವರ್ಷದವರೆಗೆ ಶಿಕ್ಷೆಯಾಗಬಹುದು. ವೇಶ್ಯಾಗೃಹ ಎಂದರೆ ದೊಡ್ಡ ಮನೆಯೇ ಆಗಬೇಕಿಲ್ಲ; ಒಂದು ಕೋಣೆ, ಒಂದು ವಾಹನವೂ ಆದೀತು, ಇನ್ನೊಬ್ಬರ ಲಾಭಕ್ಕಾಗಿ ಅದನ್ನು ಬಳಸಿದ್ದರೆ ಸಾಕು. ಇಬ್ಬರು ಹೆಂಗಸರು ತಮ್ಮಿಬ್ಬರ ಲಾಭಕ್ಕಾಗಿಯೇ ಒಂದು ಕೋಣೆಯನ್ನು ಹಂಚಿಕೊಂಡರೂ ಅದು ಇದೇ ವ್ಯಾಖ್ಯೆಯೊಳಗೆ ಬೀಳುತ್ತದೆ. ಒಬ್ಬಂಟಿಯಾಗಿ ಇರುವುದಕ್ಕಿಂತ ಜೊತೆಗೊಬ್ಬಳಿದ್ದರೆ ಭಯ ಕಡಿಮೆ ಎಂದುಕೊಂಡು ಒಂದೇ ಸೂರಿನಡಿ ಇರುವ ಇಬ್ಬರನ್ನು ಕಾಯ್ದೆಯ ಈ ಮಾತು ವೇಶ್ಯಾಗೃಹ ನಡೆಸುವವರ ಸಾಲಿಗೆ ತಂದು ನಿಲ್ಲಿಸುತ್ತದೆ. ಇದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ದಲ್ಲಾಳಿಯ ಮೇಲೆ ಸಾಮಾನ್ಯವಾಗಿ ನಾಲ್ಕನೇ ಮತ್ತು ಐದನೇ ಕಲಂಗಳನ್ನು ಹಾಕುತ್ತಾರೆ. ಇನ್ನೊಬ್ಬರ ವೇಶ್ಯಾವೃತ್ತಿಯ ಗಳಿಕೆಯ ಮೇಲೆ ಗೊತ್ತಿದ್ದೂ ಬದುಕುವ ವಯಸ್ಕನಿಗೆ ನಾಲ್ಕನೇ ಕಲಮಿನಡಿ ಎರಡು ವರ್ಷದವರೆಗೆ ಸೆರೆವಾಸ, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂಥವಳ ಜೊತೆ ವಾಸಿಸುವವನು ಅಥವಾ ಸದಾ ಅವಳ ಸಂಗಡ ಕಾಣಿಸಿಕೊಳ್ಳುವವನು ಅವಳ ಗಳಿಕೆಯ ಮೇಲೆ ಬದುಕುತ್ತಿದ್ದಾನೆ ಎಂದು ಕಾಯ್ದೆ ಮೊದಲೇ ಊಹಿಸಿಕೊಳ್ಳುತ್ತದೆ. ಅಲ್ಲವೆಂದು ಸಾಬೀತುಪಡಿಸುವ ಹೊರೆ ಅವನದು. ವಯಸ್ಸಾದ ತಾಯಿಗೂ ಹದಿನೆಂಟು ತುಂಬಿದ ಮಗನಿಗೂ ಇದೇ ಮಾತು ತಗುಲಬಹುದು. ಐದನೇ ಕಲಂ ಇನ್ನೂ ಗಟ್ಟಿ. ಒಬ್ಬರನ್ನು ಈ ವೃತ್ತಿಗಾಗಿ ಒದಗಿಸಿದ್ದಕ್ಕೆ, ಕರೆದೊಯ್ದದ್ದಕ್ಕೆ ಅಥವಾ ಅದಕ್ಕೆ ಪ್ರೇರೇಪಿಸಿದ್ದಕ್ಕೆ ಮೂರರಿಂದ ಏಳು ವರ್ಷ; ಅವರ ಇಚ್ಛೆಗೆ ವಿರುದ್ಧವಾಗಿದ್ದರೆ ಗರಿಷ್ಠ ಏಳರ ಬದಲು ಹದಿನಾಲ್ಕು ವರ್ಷ; ಮಗುವಾಗಿದ್ದರೆ ಜೀವಾವಧಿಯವರೆಗೂ ಹೋಗಬಹುದು. ಬಲವಂತವಾಗಿ ಕೂಡಿಹಾಕಿದವರಿಗೆ ಆರನೇ ಕಲಮಿನಡಿ ಕನಿಷ್ಠ ಏಳು ವರ್ಷ ಶಿಕ್ಷೆಯಿದೆ. ಇವುಗಳ ಜೊತೆಗೆ ಮಾನವ ಕಳ್ಳಸಾಗಣೆಯ ಅಪರಾಧವನ್ನೂ ಸೇರಿಸುವುದು ವಾಡಿಕೆ. ಆಗ ಅದು ಭಾರತೀಯ ದಂಡ ಸಂಹಿತೆಯ 370ನೇ ಕಲಂ ಆಗಿತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಒಬ್ಬ ವ್ಯಕ್ತಿಯನ್ನು ಸಾಗಿಸಿದ್ದಕ್ಕೆ ಅಲ್ಲಿ ಕನಿಷ್ಠ ಏಳು ವರ್ಷ.

ಗಿರಾಕಿಯ ವಿಷಯದಲ್ಲಿ ಕಾಯ್ದೆ ಬಹಳ ಮಟ್ಟಿಗೆ ಮೌನವಾಗಿದೆ. ಸಾರ್ವಜನಿಕ ಸ್ಥಳದ ಸಮೀಪ ವೇಶ್ಯಾವೃತ್ತಿ ನಡೆದಾಗ ಏಳನೇ ಕಲಂ ಇಬ್ಬರಿಗೂ ಅನ್ವಯಿಸುತ್ತದೆ. ದೇವಸ್ಥಾನ, ಮಸೀದಿ, ಶಾಲೆ, ವಿದ್ಯಾರ್ಥಿನಿಲಯ, ಆಸ್ಪತ್ರೆ ಇಂಥವುಗಳಿಂದ 200 ಮೀಟರ್ ಒಳಗೆ, ಅಥವಾ ಸರ್ಕಾರ ಅಧಿಸೂಚಿಸಿದ ಪ್ರದೇಶದಲ್ಲಿ ನಡೆದಿದ್ದರೆ ಅವಳಿಗೂ ಅವಳ ಜೊತೆಗಿದ್ದವನಿಗೂ ಮೂರು ತಿಂಗಳವರೆಗೆ ಸೆರೆವಾಸ. ನಮ್ಮ ಯಾವ ಪೇಟೆಯಲ್ಲೇ ಆಗಲಿ, ದೇವಸ್ಥಾನದಿಂದಲೋ ಶಾಲೆಯಿಂದಲೋ ಆಸ್ಪತ್ರೆಯಿಂದಲೋ 200 ಮೀಟರ್ ಆಚೆಗಿರುವ ಲಾಡ್ಜ್ ಒಂದನ್ನು ತೋರಿಸುವುದು ಕಷ್ಟ. ಹಾಗಾಗಿ ದಾಳಿ ನಡೆದ ಸ್ಥಳದ ನಕ್ಷೆಯಲ್ಲಿ ಈ ದೂರವನ್ನು ನಿಜವಾಗಿ ಅಳೆದು ಬರೆದಿದ್ದಾರೆಯೇ ಎಂಬುದು ವಕೀಲರು ಮೊದಲು ನೋಡಬೇಕಾದ ಸಂಗತಿ. ಇಂಥ ಕೃತ್ಯಕ್ಕೆ ಗೊತ್ತಿದ್ದೂ ಎಡೆಕೊಟ್ಟ ಹೋಟೆಲಿನ ಪರವಾನಗಿಯನ್ನು ಮೂರು ತಿಂಗಳಿಂದ ಒಂದು ವರ್ಷದವರೆಗೆ ಅಮಾನತಿನಲ್ಲಿಡಲು ಇದೇ ಕಲಮಿನಲ್ಲಿ ಅವಕಾಶವಿದೆ.

ಕಿಟಕಿ ಮತ್ತು ಬಾಲ್ಕನಿ

ಎಂಟನೇ ಕಲಂ ಗಿರಾಕಿಗಳನ್ನು ಕರೆಯುವುದಕ್ಕೆ ಸಂಬಂಧಿಸಿದ್ದು. ಇದರ ಭಾಷೆಯನ್ನು ನಿಧಾನವಾಗಿ ಓದಬೇಕು. ಸಾರ್ವಜನಿಕ ಸ್ಥಳದಲ್ಲಿ, ಅಥವಾ ಅಲ್ಲಿಂದ ಕಾಣುವಂತೆ ಇಲ್ಲವೇ ಕೇಳುವಂತೆ, ಮಾತಿನಿಂದಾಗಲಿ ಸನ್ನೆಯಿಂದಾಗಲಿ ಅಥವಾ ಬೇಕೆಂದೇ ತನ್ನನ್ನು ತೋರಿಸಿಕೊಂಡಾಗಲಿ ಯಾರನ್ನಾದರೂ ಆಕರ್ಷಿಸಲು ಯತ್ನಿಸುವುದು ಅಪರಾಧ ಎಂದು ಅದು ಹೇಳುತ್ತದೆ. ಕಿಟಕಿಯ ಬಳಿ ಕೂತು ಅಥವಾ ಕಟ್ಟಡದ ಬಾಲ್ಕನಿಯಲ್ಲಿದ್ದು ಹಾಗೆ ಮಾಡುವುದನ್ನೂ ಹೆಸರಿಸಿ ಸೇರಿಸಿಕೊಂಡಿದೆ. ದಾರಿಹೋಕರಿಗೆ ಅಡಚಣೆಯಾಗುವಂತೆ ಸುಳಿದಾಡುವುದೂ ಇದರಲ್ಲೇ ಬರುತ್ತದೆ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆವಾಸ, ಅಥವಾ 500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ.

ಅದರ ಕೆಳಗೆ ಒಂದು ಪರಂತುಕ, ಅಂದರೆ ‘ಆದರೆ’ ಎಂದು ಸೇರಿಸಿದ ಷರತ್ತು, ಇದೆ, ಅದನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಇದೇ ಅಪರಾಧವನ್ನು ಗಂಡಸು ಮಾಡಿದರೆ ಶಿಕ್ಷೆ ಏಳು ದಿನಕ್ಕಿಂತ ಕಡಿಮೆಯಿರಬಾರದು, ಮೂರು ತಿಂಗಳಿಗಿಂತ ಹೆಚ್ಚಿರಬಾರದು. ಕನಿಷ್ಠ ಏಳು ದಿನ ಕಡ್ಡಾಯ ಎಂಬುದನ್ನು ನೋಡಿದವರಿಗೆ ಗಂಡಸಿನ ಮೇಲೆ ಬಿಗಿ ಹೆಚ್ಚು ಎನ್ನಿಸಬಹುದು. ಆದರೆ ಒಂದೇ ಬೀದಿಯಲ್ಲಿ, ಒಂದೇ ರೀತಿಯ ಸನ್ನೆಗೆ ಹೆಣ್ಣಿಗಾಗುವ ಗರಿಷ್ಠ ಶಿಕ್ಷೆ ಗಂಡಿಗಾಗುವುದರ ಎರಡರಷ್ಟಿದೆ. ಇದು ಕೇವಲ ಸೆರೆವಾಸದ ಲೆಕ್ಕ. ಏಳನೇ ಅಥವಾ ಎಂಟನೇ ಕಲಮಿನಡಿ ಅಪರಾಧಿಯೆಂದು ತೀರ್ಮಾನವಾದ ಹೆಣ್ಣನ್ನು ಜೈಲಿಗೆ ಕಳುಹಿಸುವ ಬದಲು ‘ತಿದ್ದುವ ಸಂಸ್ಥೆ’ಯಲ್ಲಿ ಇರಿಸಬಹುದೆಂದು 10-ಎ ಕಲಂ ಹೇಳುತ್ತದೆ, ಅಲ್ಲಿನ ಅವಧಿ ಎರಡರಿಂದ ಐದು ವರ್ಷ. ಮೊದಲ ಸಲಕ್ಕೆ ಆರು ತಿಂಗಳು ಮೀರದ ಶಿಕ್ಷೆಯ ಅಪರಾಧಕ್ಕೆ, ಅವಳ ಒಳಿತಿಗೆ ಎಂಬ ಕಾರಣ ಕೊಟ್ಟು, ಕನಿಷ್ಠ ಎರಡು ವರ್ಷ. ಗಂಡಸಿಗೆ ಇಂಥ ತಿದ್ದುಪಾಡಿನ ಏರ್ಪಾಟು ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ.

ಮಲಾಡ್‌ನ ಮೂವರ ಮೇಲೆ ಏಳನೇ ಕಲಮನ್ನಾಗಲಿ ಎಂಟನೇ ಕಲಮನ್ನಾಗಲಿ ಹಾಕಿರಲಿಲ್ಲ. ಅವರು ಬೀದಿಯಲ್ಲಿ ನಿಂತು ಯಾರನ್ನೂ ಕರೆದಿರಲಿಲ್ಲ, ವೇಶ್ಯಾಗೃಹವನ್ನೂ ನಡೆಸುತ್ತಿರಲಿಲ್ಲ. ಹಾಗೆಂದು ತೋರಿಸುವ ಸಾಕ್ಷ್ಯ ಕಡತದಲ್ಲಿ ಏನೂ ಇರಲಿಲ್ಲ ಎಂಬುದನ್ನು ಮುಂದೆ ಹೈಕೋರ್ಟು ಸ್ಪಷ್ಟವಾಗಿ ಗುರುತಿಸಿತು.

ಹದಿನೇಳನೇ ಕಲಂ

ಆರೋಪಿಯಲ್ಲದವರನ್ನು ಒಳಗಿಡಲು ಕಾಯ್ದೆಯಲ್ಲಿ ಇರುವ ದಾರಿ ಹದಿನೇಳನೇ ಕಲಂ. ದಾಳಿಯಲ್ಲಿ ಸಿಕ್ಕವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಸಂಬಂಧಪಟ್ಟ ಮ್ಯಾಜಿಸ್ಟ್ರೇಟರ ಬಳಿಗೆ ತಕ್ಷಣ ಕರೆತರಲಾಗದಿದ್ದರೆ ಹತ್ತಿರದ ಮ್ಯಾಜಿಸ್ಟ್ರೇಟರು ತಾತ್ಕಾಲಿಕ ವಶಕ್ಕೆ ಕೊಡಬಹುದು, ಆದರೆ ಹತ್ತು ದಿನ ಮೀರುವಂತಿಲ್ಲ. ಆಮೇಲೆ ವಿಚಾರಣೆ ಆರಂಭವಾಗುತ್ತದೆ. ಇದು ಅಪರಾಧದ ವಿಚಾರಣೆಯಲ್ಲ. ಅವಳ ವಯಸ್ಸು, ನಡತೆ, ಹಿನ್ನೆಲೆ, ಅವಳನ್ನು ಒಪ್ಪಿಸಿದರೆ ತಂದೆತಾಯಿಯೋ ಗಂಡನೋ ಸರಿಯಾಗಿ ನೋಡಿಕೊಳ್ಳುವರೇ ಎಂಬುದನ್ನು ತಿಳಿಯುವ ಕೆಲಸ. ಪರಿವೀಕ್ಷಣಾಧಿಕಾರಿಯು ಅವಳ ಮನೆಯ ಸ್ಥಿತಿಗತಿ ನೋಡಿ ವರದಿ ಕೊಡುತ್ತಾರೆ. ವಿಚಾರಣೆ ನಡೆಯುವಾಗ ಅವಳನ್ನು ಮಧ್ಯಂತರ ವಶದಲ್ಲಿ ಇಡಬಹುದು, ಆದರೆ ಆದೇಶದ ದಿನದಿಂದ ಮೂರು ವಾರಕ್ಕಿಂತ ಹೆಚ್ಚು ಅಲ್ಲ. ವಿಚಾರಣೆ ಮುಗಿದು, ಅವಳಿಗೆ ಆರೈಕೆ ಮತ್ತು ರಕ್ಷಣೆ ಬೇಕೆಂದು ಮನವರಿಕೆಯಾದರೆ ಒಂದರಿಂದ ಮೂರು ವರ್ಷ ಸಂರಕ್ಷಣಾ ಗೃಹದಲ್ಲಿ ಇರಿಸುವ ಆದೇಶ ಮಾಡಬಹುದು. ಇದರಲ್ಲಿ ನೆರವಾಗಲು ಐವರು ಗೌರವಾನ್ವಿತರ ಸಮಿತಿಯನ್ನು, ಸಾಧ್ಯವಾದಷ್ಟೂ ಅದರಲ್ಲಿ ಮೂವರು ಮಹಿಳೆಯರಿರುವಂತೆ, ಮ್ಯಾಜಿಸ್ಟ್ರೇಟರು ಕರೆಯಬಹುದು.

ಈ ಅಳತೆಗೋಲನ್ನು ಮಲಾಡ್ ಪ್ರಕರಣದ ದಿನಾಂಕಗಳ ಪಕ್ಕದಲ್ಲಿ ಇಟ್ಟು ನೋಡೋಣ. ದಾಳಿ ನಡೆದದ್ದು ಸೆಪ್ಟೆಂಬರ್ 13ರಂದು. ಮೂವರನ್ನೂ ಉತ್ತರ ಪ್ರದೇಶದ ಸರ್ಕಾರಿ ಮಹಿಳಾ ನಿಲಯಕ್ಕೆ ಕಳುಹಿಸಿ ಒಂದು ವರ್ಷ ಅಲ್ಲಿಯೇ ಇರಿಸಬೇಕೆಂದು ಮುಂಬೈನ ಮ್ಯಾಜಿಸ್ಟ್ರೇಟರು ಆದೇಶಿಸಿದ್ದು ಅಕ್ಟೋಬರ್ 19ರಂದು. ನಡುವೆ ಕಳೆದದ್ದು 36 ದಿನ. ಹತ್ತು ದಿನದ ಮಿತಿಯನ್ನೂ ಮೂರು ವಾರದ ಮಿತಿಯನ್ನೂ ಒಂದರ ಮೇಲೊಂದು ಪೂರ್ತಿ ಬಳಸಿದರೂ 31 ದಿನವಷ್ಟೇ ಆಗುತ್ತದೆ. ಆರೋಪಿಯೊಬ್ಬನನ್ನು ಮಿತಿ ಮೀರಿ ಒಂದು ದಿನ ಒಳಗಿಟ್ಟರೂ ಜಾಮೀನಿನ ಅರ್ಜಿ ಬರುತ್ತದೆ, ವಾದ ನಡೆಯುತ್ತದೆ. ಇಲ್ಲಿ ಜಾಮೀನು ಎಂಬ ಮಾತೇ ಇಲ್ಲ, ಏಕೆಂದರೆ ಬಂಧನವೇ ಆಗಿಲ್ಲ. ಬಂಧನವಲ್ಲ ಎಂದು ಕರೆದದ್ದರಿಂದಲೇ ಬಂಧಿತರಿಗೆ ಇರುವ ರಕ್ಷಣೆಗಳೂ ಈ ಮೂವರಿಗೆ ದಕ್ಕಲಿಲ್ಲ.

ಒಂದು ವರ್ಷದ ಆದೇಶಕ್ಕೆ ಕೊಟ್ಟ ಕಾರಣವೂ ಗಮನಿಸತಕ್ಕದ್ದು. ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದ ಮೇಲೆ ಅವರನ್ನು ಈ ವೃತ್ತಿಗೆ ಕಳುಹಿಸುವ ರೂಢಿಯುಳ್ಳ ಸಮುದಾಯಕ್ಕೆ ಮೂವರೂ ಸೇರಿದವರು ಎಂದು ಪರಿವೀಕ್ಷಣಾಧಿಕಾರಿಯ ವರದಿ ಹೇಳಿತ್ತು. ತಂದೆತಾಯಿಗೆ ಎಲ್ಲವೂ ಗೊತ್ತಿದ್ದ ಮೇಲೆ ಅವರ ಕೈಗೆ ಮಕ್ಕಳನ್ನು ಒಪ್ಪಿಸುವುದು ಸುರಕ್ಷಿತವಲ್ಲ ಎಂದು ಮ್ಯಾಜಿಸ್ಟ್ರೇಟರು ತೀರ್ಮಾನಿಸಿದರು. ಆ ಸಮುದಾಯದ ಹೆಸರನ್ನು ಇಲ್ಲಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಹೆಸರು ಬರೆದ ಕೂಡಲೇ ಅದರ ಎಲ್ಲ ಹೆಣ್ಣುಮಕ್ಕಳ ಮೇಲೂ ಅದೇ ಗುಮಾನಿ ಅಂಟಿಕೊಳ್ಳುತ್ತದೆ, ಈ ಪ್ರಕರಣದಲ್ಲಿ ಆದದ್ದೂ ಅದೇ. ಕರ್ನಾಟಕದವರಾದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆಯ ಮೂಲಕ ನಿಷೇಧಿಸಿದ ರಾಜ್ಯ ನಮ್ಮದು. ಮುತ್ತು ಕಟ್ಟಿದ ತಾಯಂದಿರ ಹೆಣ್ಣುಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರು ಬರೆಯುವ ಜಾಗದಿಂದ ಹಿಡಿದು ಪೊಲೀಸ್ ಠಾಣೆಯ ಬಾಗಿಲಿನವರೆಗೆ ಹುಟ್ಟಿನ ಆಧಾರದ ಈ ಗುಮಾನಿಯನ್ನು ಎದುರಿಸಿದ್ದಾರೆ. ರೂಢಿ ಕೆಟ್ಟದ್ದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಪ್ಪತ್ತು ದಾಟಿದ ಒಬ್ಬ ಹೆಣ್ಣುಮಗಳ ಸ್ವಾತಂತ್ರ್ಯವನ್ನು ಅವಳು ಮಾಡಿದ ಕೆಲಸದ ಆಧಾರದ ಮೇಲೂ ಅಲ್ಲ, ಅವಳ ಜಾತಿಯ ರೂಢಿಯ ಆಧಾರದ ಮೇಲೆ ನಿರ್ಧರಿಸುವುದನ್ನು ಯಾವ ಕಲಮೂ ಒಪ್ಪುವುದಿಲ್ಲ.

ಈ ಆದೇಶವನ್ನು ಪ್ರಶ್ನಿಸಿ ಮುಂಬೈನ ದಿಂಡೋಶಿಯ ಸೆಷನ್ಸ್ ನ್ಯಾಯಾಲಯಕ್ಕೆ ಹೋದ ಮೇಲ್ಮನವಿ 2019ರ ನವೆಂಬರ್ 22ರಂದು ವಜಾಗೊಂಡಿತು. ಮುಂದಿನ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನ್ ಬಂತು.

ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ರಾಜ್ಯದ ಜಿಲ್ಲಾ ನ್ಯಾಯಾಲಯವೊಂದರ ಪಡಸಾಲೆಯಲ್ಲಿ, ಇದೇ ಹದಿನೇಳನೇ ಕಲಮಿನ ವಿಚಾರಣೆಗೆ ಕರೆತಂದಿದ್ದ ಹೆಂಗಸೊಬ್ಬರ ಪಕ್ಕದ ಬೆಂಚಿನಲ್ಲಿ ನಾನು ಕೂತಿದ್ದೆ. ಮೂವತ್ತರ ಆಸುಪಾಸಿನ ಅವರ ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲವಿತ್ತು, ಅದರಲ್ಲಿ ಒಂದು ಜೊತೆ ಬಟ್ಟೆ, ಒಂದು ಬಾಚಣಿಗೆ. ನನ್ನ ಕರಿ ಕೋಟು ನೋಡಿ, ‘ಸಾರ್, ನನ್ ಮೇಲೆ ಕೇಸ್ ಏನಂತ ಹಾಕವ್ರೆ?’ ಎಂದು ಕೇಳಿದರು. ಕೇಸೇನೂ ಇಲ್ಲಮ್ಮ, ನಿಮ್ಮನ್ನು ಸಂತ್ರಸ್ತೆ ಅಂತ ಬರೆದಿದ್ದಾರೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕೇಸ್ ಇದ್ದಿದ್ರೆ ಬೇಲ್ ಆದ್ರೂ ಸಿಗ್ತಿತ್ತಲ್ವಾ ಸಾರ್? ಮನೇಲಿ ಮಗ ಒಬ್ನೇ ಅವ್ನೆ’ ಎಂದರು. ಹದಿನೇಳನೇ ಕಲಂ ಏನು ಮಾಡುತ್ತದೆ ಎಂಬುದನ್ನು ಅಷ್ಟು ಸರಿಯಾಗಿ ಹೇಳಿದವರನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ. ಆ ಕ್ಷಣಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಹೈಕೋರ್ಟಿನ ತೀರ್ಪು

ಮಲಾಡ್‌ನ ಮೂವರು ಯುವತಿಯರು ರಿಟ್ ಅರ್ಜಿಯ ಮೂಲಕ ಬಾಂಬೆ ಹೈಕೋರ್ಟಿಗೆ ಹೋದರು. ಅರ್ಜಿಯನ್ನು ಕೇಳಿದ ನ್ಯಾಯಮೂರ್ತಿ ಪೃಥ್ವಿರಾಜ್ ಚವಾಣ್ ಕೆಳಗಿನ ಎರಡೂ ಆದೇಶಗಳನ್ನು ರದ್ದುಪಡಿಸಿ ಮೂವರನ್ನೂ ಬಿಡುಗಡೆ ಮಾಡುವಂತೆ ಹೇಳಿದರು. ತೀರ್ಪಿನ ತಿರುಳು ಹೀಗಿದೆ. ಕಾಯ್ದೆಯ ಉದ್ದೇಶ ವೇಶ್ಯಾವೃತ್ತಿಯನ್ನೇ ಇಲ್ಲವಾಗಿಸುವುದಲ್ಲ. ವೇಶ್ಯಾವೃತ್ತಿ ಮಾಡಿದ್ದಕ್ಕಾಗಿಯೇ ಒಬ್ಬರನ್ನು ಅಪರಾಧಿ ಎನ್ನುವ ಕಲಂ ಅದರಲ್ಲಿ ಇಲ್ಲ. ವಾಣಿಜ್ಯಕ್ಕಾಗಿ ಇನ್ನೊಬ್ಬರನ್ನು ಶೋಷಿಸಿ ಅದರಿಂದ ಗಳಿಸುವುದು ಶಿಕ್ಷಾರ್ಹ. ಏಳನೇ ಕಲಮಿನ ಸಾರ್ವಜನಿಕ ಸ್ಥಳ ಮತ್ತು ಎಂಟನೇ ಕಲಮಿನ ಆಹ್ವಾನ, ಇವೆರಡೇ ಆ ಹೆಣ್ಣನ್ನೂ ಅಪರಾಧಿಯಾಗಿಸಬಲ್ಲ ಸಂದರ್ಭಗಳು, ಅವೆರಡೂ ಇಲ್ಲಿಲ್ಲ. ಅರ್ಜಿದಾರರು ವಯಸ್ಕರು, ತಮಗೆ ಬೇಕಾದಲ್ಲಿ ವಾಸಿಸುವ, ದೇಶದ ಯಾವ ಭಾಗಕ್ಕಾದರೂ ಹೋಗುವ, ತಮ್ಮ ವೃತ್ತಿಯನ್ನು ಆರಿಸಿಕೊಳ್ಳುವ ಹಕ್ಕನ್ನು ಸಂವಿಧಾನದ ಮೂರನೇ ಭಾಗ ಅವರಿಗೆ ಕೊಟ್ಟಿದೆ. ಅವರು ಒಂದು ನಿರ್ದಿಷ್ಟ ಜಾತಿಗೆ ಸೇರಿದವರು ಎಂಬ ಸಂಗತಿಯಿಂದ ಮ್ಯಾಜಿಸ್ಟ್ರೇಟರು ಪ್ರಭಾವಿತರಾದಂತೆ ಕಾಣುತ್ತದೆ ಎಂಬ ಮಾತೂ ತೀರ್ಪಿನಲ್ಲಿದೆ.

ತೀರ್ಪು ಬಂದಾಗ ಮ್ಯಾಜಿಸ್ಟ್ರೇಟರು ಹೇಳಿದ್ದ ಒಂದು ವರ್ಷದ ಅವಧಿ ಮುಗಿಯಲು ಸುಮಾರು ಮೂರು ವಾರ ಬಾಕಿಯಿತ್ತು. ಎಂಟನೇ ಕಲಮಿನ ಆರೋಪ ಹೊರಿಸಿ, ವಿಚಾರಣೆ ನಡೆಸಿ, ಅದು ಸಾಬೀತಾಗಿ, ಗರಿಷ್ಠ ಸೆರೆವಾಸವನ್ನೇ ಕೊಟ್ಟಿದ್ದರೂ ಅವರು ಆರು ತಿಂಗಳಲ್ಲಿ ಹೊರಗಿರುತ್ತಿದ್ದರು.

ಈ ತೀರ್ಪನ್ನು ಕೊಂಡಾಡುವಾಗ ಅದರ ಮಿತಿಯನ್ನೂ ಹೇಳಬೇಕು. ಅದು ಮುಂಬೈನ ಒಬ್ಬ ನ್ಯಾಯಮೂರ್ತಿಗಳ ಪೀಠದ ತೀರ್ಪು. ನಮ್ಮ ರಾಜ್ಯದ ಮ್ಯಾಜಿಸ್ಟ್ರೇಟರ ಮುಂದೆ ಅದನ್ನು ಆಧಾರವಾಗಿ ಓದಬಹುದು, ಅದೇ ಅವರನ್ನು ಕಟ್ಟಿಹಾಕುವುದಿಲ್ಲ. ಇನ್ನೊಂದು ದಿಕ್ಕಿಗೆ ಎಳೆಯುವ ಹಳೆಯ ತೀರ್ಪೂ ಇದೆ. ಕಾನ್ಪುರದ ಕೆಲವು ಹೆಂಗಸರನ್ನು ಅವರ ವಾಸಸ್ಥಳದಿಂದ ಹೊರಹಾಕಲು ಇಪ್ಪತ್ತನೇ ಕಲಮಿನಡಿ ನೋಟಿಸು ಕೊಟ್ಟಾಗ, ಆ ಕಲಂ ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟು ಅರುವತ್ತರ ದಶಕದ ಆರಂಭದಲ್ಲಿಯೇ ಎತ್ತಿಹಿಡಿದಿತ್ತು. ಓಡಾಡುವ ಮತ್ತು ವಾಸಿಸುವ ಹಕ್ಕಿನ ಮೇಲೆ ಅದು ಸಮಂಜಸವಾದ ನಿರ್ಬಂಧ ಎಂಬುದು ಆಗಿನ ವಾದ. ಇಪ್ಪತ್ತನೇ ಕಲಂ ಇಂದಿಗೂ ಕಾಯ್ದೆಯಲ್ಲಿದೆ, ಹದಿನೇಳನೆಯದೂ ಇದೆ.

ಆಮೇಲೆ ಬಂದದ್ದು

2022ರ ಮೇ 19ರಂದು ಸುಪ್ರೀಂ ಕೋರ್ಟು ಬುದ್ಧದೇವ್ ಕರ್ಮಾಸ್ಕರ್ ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳ ಸುದ್ದಿ ಎಲ್ಲ ಭಾಷೆಗಳ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಕೋಲ್ಕತ್ತದಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬರ ಕೊಲೆಯ ಮೇಲ್ಮನವಿಯಾಗಿ ಆರಂಭವಾಗಿ, 2011ರಲ್ಲಿ ಶಿಕ್ಷೆ ಖಾಯಂ ಆದ ನಂತರವೂ ಸಾರ್ವಜನಿಕ ಹಿತಾಸಕ್ತಿಯ ವಿಷಯವಾಗಿ ಮುಂದುವರಿದ ಪ್ರಕರಣ ಅದು. ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ನಮ್ಮ ಕೊಡಗಿನವರಾದ ಎ.ಎಸ್. ಬೋಪಣ್ಣ ಅವರ ಪೀಠ ಈ ಆದೇಶ ಮಾಡಿತು. ‘ವೇಶ್ಯಾವೃತ್ತಿ ಇನ್ನು ಕಾನೂನುಬದ್ಧ’ ಎಂದು ಅದನ್ನು ಅರ್ಥಮಾಡಿಕೊಂಡವರು ಬಹಳ ಮಂದಿ. ಆದೇಶವನ್ನು ಪೂರ್ತಿ ಓದಿದರೆ ಬೇರೆ ಚಿತ್ರ ಕಾಣುತ್ತದೆ. ನ್ಯಾಯಾಲಯವೇ ನೇಮಿಸಿದ್ದ ಸಮಿತಿ ಹತ್ತು ಶಿಫಾರಸು ಮಾಡಿತ್ತು. ಕೇಂದ್ರ ಸರ್ಕಾರ ಆಕ್ಷೇಪಿಸದ ಆರನ್ನು ರಾಜ್ಯಗಳು ಕಡ್ಡಾಯವಾಗಿ ಪಾಲಿಸಬೇಕೆಂದು ನ್ಯಾಯಾಲಯ ಹೇಳಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಕಾರ್ಯಕರ್ತೆಗೆ ಕೂಡಲೇ ವೈದ್ಯಕೀಯ ನೆರವು, ಇಚ್ಛೆಗೆ ವಿರುದ್ಧವಾಗಿ ಸಂರಕ್ಷಣಾ ಗೃಹಗಳಲ್ಲಿ ಇರುವ ವಯಸ್ಕ ಮಹಿಳೆಯರ ಸಮೀಕ್ಷೆ ಮತ್ತು ಬಿಡುಗಡೆ, ಪೊಲೀಸರ ಸಭ್ಯ ವರ್ತನೆ, ದಾಳಿಯ ಸುದ್ದಿಯಲ್ಲಿ ಅವರ ಗುರುತು ಬಯಲಾಗದಂತೆ ಎಚ್ಚರ, ಕಾಂಡೋಮನ್ನು ಅಪರಾಧದ ಸಾಕ್ಷ್ಯವಾಗಿ ಬಳಸದಿರುವುದು, ಕಾನೂನು ನೆರವು ಇವು ಆ ಆರರಲ್ಲಿ ಸೇರಿವೆ. ದಾಳಿಯ ವೇಳೆ ಲೈಂಗಿಕ ಕಾರ್ಯಕರ್ತೆಯರನ್ನು ಬಂಧಿಸಬಾರದು, ದಂಡಿಸಬಾರದು ಎಂಬ ಶಿಫಾರಸು ಉಳಿದ ನಾಲ್ಕರ ಗುಂಪಿನಲ್ಲಿತ್ತು. ಅದರ ಬಗ್ಗೆ ಕೇಂದ್ರದ ಉತ್ತರವನ್ನು ಕೇಳಲಾಯಿತೇ ಹೊರತು ಆ ದಿನ ಅದು ನಿರ್ದೇಶನವಾಗಲಿಲ್ಲ. ಠಾಣೆಯಲ್ಲಿ ನಿಂತು ‘ಸುಪ್ರೀಂ ಕೋರ್ಟೇ ಹೇಳಿದೆ’ ಎಂದು ವಾದಿಸುವವರು ಈ ವ್ಯತ್ಯಾಸವನ್ನು ತಿಳಿದಿರಬೇಕು, ಇಲ್ಲವಾದರೆ ಗೆಲ್ಲಬಹುದಾದ ಆರು ಅಂಶಗ‍ಳನ್ನೂ ಬಿಟ್ಟುಕೊಟ್ಟಂತಾಗುತ್ತದೆ.

ಕರ್ನಾಟಕ ಹೈಕೋರ್ಟಿನ ಮುಂದೆ ಈ ಕಾಯ್ದೆಯಡಿಯ ಪ್ರಕರಣಗಳು ಮತ್ತೆ ಮತ್ತೆ ಬಂದಿವೆ. ದಾಳಿಯ ವೇಳೆ ಗಿರಾಕಿಯಾಗಿ ಸಿಕ್ಕ ಮಾತ್ರಕ್ಕೆ ಒಬ್ಬನ ಮೇಲೆ ಮೂರು, ನಾಲ್ಕು, ಐದನೇ ಕಲಂಗಳನ್ನು ಹೊರಿಸಲಾಗದು ಎಂದು ಅದು ಹಲವು ಆದೇಶಗಳಲ್ಲಿ ಹೇಳಿ ಪ್ರಕರಣಗಳನ್ನು ರದ್ದುಪಡಿಸಿದೆ. ವೇಶ್ಯಾವೃತ್ತಿಗೆ ಒಳಗಾದ ಹೆಣ್ಣನ್ನು ಐದನೇ ಕಲಮಿನಡಿ ಆರೋಪಿಯಾಗಿಸುವುದು ತಪ್ಪು, ಆ ಕಲಂ ಒದಗಿಸುವವನಿಗಾಗಿ ಇದೆಯೇ ವಿನಾ ಸಂತ್ರಸ್ತೆಗಾಗಿ ಅಲ್ಲ ಎಂದೂ 2024ರಲ್ಲಿ ಹೇಳಿತು. ಗಿರಾಕಿಯ ಪ್ರಶ್ನೆಯಲ್ಲಿ ಕೇರಳ ಹೈಕೋರ್ಟು 2025ರಲ್ಲಿ ಬೇರೆ ನಿಲುವು ತಳೆಯಿತು. ಹಣ ಕೊಟ್ಟು ವೇಶ್ಯಾಗೃಹಕ್ಕೆ ಬರುವವನನ್ನು ಗಿರಾಕಿ ಎಂದು ಕರೆಯುವುದೇ ಸರಿಯಲ್ಲ, ಕೊಳ್ಳಲು ಅಲ್ಲಿರುವ ಹೆಣ್ಣು ಸರಕಲ್ಲ, ಅವನ ಹಣವೇ ಅವಳನ್ನು ಈ ವೃತ್ತಿಗೆ ದೂಡುವ ಪ್ರೇರಣೆಯಾದ್ದರಿಂದ ಐದನೇ ಕಲಂ ಅವನಿಗೂ ಅನ್ವಯಿಸುತ್ತದೆ ಎಂಬುದು ಅದರ ತರ್ಕ. ಈ ತರ್ಕದ ಹಿಂದಿರುವ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೂ ಗಿರಾಕಿಗೆ ಶಿಕ್ಷೆಯಾಗಬೇಕೆಂದರೆ ಸಂಸತ್ತು ಹಾಗೆಂದು ಸ್ಪಷ್ಟವಾಗಿ ಬರೆಯಬೇಕು, ಒದಗಿಸುವವನಿಗೆಂದು ಬರೆದ ಕಲಮನ್ನು ಹಿಗ್ಗಿಸಿ ತೊಡಿಸುವುದು ದಂಡನೆಯ ಕಾನೂನಿಗೆ ಒಗ್ಗುವುದಿಲ್ಲ ಎಂಬುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಮೂರು ವರ್ಷದಿಂದ ಶುರುವಾಗುವ ಶಿಕ್ಷೆಯ ಮಾತಿದು.

ಮಲಾಡ್ ಪ್ರಕರಣವನ್ನು ಕೈಯಲ್ಲಿಟ್ಟುಕೊಂಡು ನಮ್ಮ ಜಿಲ್ಲೆಗಳ ನ್ಯಾಯಾಲಯಗಳಲ್ಲಿ ನಿಲ್ಲುವ ಕಾನೂನು ನೆರವಿನ ವಕೀಲರು ಮೊದಲ ದಿನವೇ ಮಾಡಬಹುದಾದ ಕೆಲಸಗಳಿವೆ. ದಾಳಿಯನ್ನು ನಡೆಸಿದವರು ಅಧಿಸೂಚಿತ ವಿಶೇಷ ಪೊಲೀಸ್ ಅಧಿಕಾರಿಯೇ, ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರೇ ಎಂದು ನೋಡಬೇಕು. ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಜೊತೆಗಿದ್ದರೇ, ಹೆಣ್ಣುಮಕ್ಕಳನ್ನು ಪ್ರಶ್ನಿಸಿದ್ದು ಮಹಿಳಾ ಅಧಿಕಾರಿಯೇ ಎಂದು ಹದಿನೈದನೇ ಕಲಮಿನ ಜೊತೆ ಹೋಲಿಸಬೇಕು. ವಯಸ್ಸಿನ ದಾಖಲೆ, ಅದು ಶಾಲೆಯದ್ದಾಗಲಿ ಆಧಾರ್ ಆಗಲಿ, ಅದೇ ವಾರ ಕಡತಕ್ಕೆ ಸೇರಬೇಕು, ಏಕೆಂದರೆ ಹದಿನೆಂಟು ತುಂಬದವರ ದಾರಿಯೇ ಬೇರೆ. ವಯಸ್ಕಳಾಗಿದ್ದರೆ ತಾನು ಎಲ್ಲಿಗೆ ಹೋಗಬೇಕೆಂದು ಬಯಸುತ್ತಾಳೆ ಎಂಬ ಅವಳ ಹೇಳಿಕೆಯನ್ನು ಅವಳದೇ ಭಾಷೆಯಲ್ಲಿ ಬರೆಸಿ ಸಹಿ ಹಾಕಿಸಿ ಮ್ಯಾಜಿಸ್ಟ್ರೇಟರ ಮುಂದೆ ಇಡಬೇಕು. ಐವರ ಸಮಿತಿಯನ್ನು ಕರೆಯಲಾಗಿದೆಯೇ ಎಂದು ಕೇಳಬೇಕು. ಕರೆಯದಿದ್ದರೆ ಆ ದಿನದ ಆದೇಶ ಹಾಳೆಯಲ್ಲಿ ಅದು ದಾಖಲಾಗುವಂತೆ ನೋಡಿಕೊಳ್ಳಬೇಕು. ಮಧ್ಯಂತರ ವಶದ ಆದೇಶವಾದ ದಿನದಿಂದ ಇಪ್ಪತ್ತೊಂದು ದಿನ ಎಣಿಸಿ, ಇಪ್ಪತ್ತೆರಡನೇ ದಿನ ಬೆಳಿಗ್ಗೆ ಬಿಡುಗಡೆಯ ಅರ್ಜಿ ಸಿದ್ಧವಾಗಿರಬೇಕು.